ಹಿಂದೆ ನಿಲ್ಲುವವರು

ಕ್ವಾರ್ಟ್ಜ್‌ಸೈಟ್, ಅರಿಜೋನಾ
11 ನವೆಂಬರ್ 1996

ಪ್ರಿಯ ಮಾರಿಟ್,

ತಲುಪಿದ್ದೇನೆ. ಇಷ್ಟನ್ನು ಒಂದು ಕಾರ್ಡಿನಲ್ಲಿ ಗೀಚಿ ಹಾಕಿದ್ದರೂ ಸಾಕಿತ್ತು. ಆದರೆ ಇಲ್ಲಿ ಸಿಗುವ ಕಾರ್ಡುಗಳ ಮೇಲೆಲ್ಲ ಕ್ರಿಸ್‌ಮಸ್ ತಾತನ ಟೋಪಿ ಹಾಕಿಕೊಂಡ ಕಳ್ಳಿಗಿಡದ ಚಿತ್ರವೇ. ನಿನಗೆ ಅಂಥ ತಮಾಷೆ ಹಿಡಿಸುವುದಿಲ್ಲ ಎಂದು ನಿನ್ನಪ್ಪ ಹೇಳುತ್ತಿದ್ದ, ಅದಕ್ಕೆ ಕಾಗದವನ್ನೇ ಬರೆಯುತ್ತಿದ್ದೇನೆ. ಅಂಗಡಿಯ ಮುಂದೆ ಫೋನೂ ಇದೆ. ಅಲ್ಲಿ ಸಾಲು ನಿಂತವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಾರೆ. ಅದೂ ಅಲ್ಲದೆ ಫೋನಿನಲ್ಲಿ ನಾವಿಬ್ಬರೂ ಇಷ್ಟು ವರ್ಷ ಆಡಿದ ಮಾತೆಂದರೆ "ಇರು, ಅಪ್ಪನಿಗೆ ಕೊಡ್ತೀನಿ" ಅನ್ನುವುದೊಂದೇ. ಈಗ ಕೊಡೋಣವೆಂದರೆ ಅವನಿಲ್ಲ.

ಊರಲ್ಲಿ ಎಲ್ಲರೂ ಬೇಡ ಅಂದರು. ಅರವತ್ತು ದಾಟಿದ ಹೆಂಗಸು, ಬಸ್ಸಿನಷ್ಟು ಉದ್ದದ ಮನೆಗಾಡಿಯನ್ನು ಒಬ್ಬಳೇ ಮರುಭೂಮಿಗೆ ಹೊಡೆದುಕೊಂಡು ಹೋಗುವುದೆಂದರೇನು ಎಂದು ಪಾದ್ರಿಯ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು. ನಾನೂ ಹೋಗುವುದಿಲ್ಲವೆಂದೇ ಇದ್ದೆ. ಆದರೆ ಮೊದಲ ಹಿಮ ಬಿದ್ದ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಗಾಡಿಯ ಚಾವಣಿ ಬೆಳ್ಳಗಾಗಿತ್ತು. ಅದು ಹಿಮ ಕಂಡದ್ದೇ ಇಲ್ಲ, ಹಿಮ ಬೀಳುವ ಮೊದಲೇ ನಾವು ದಕ್ಷಿಣಕ್ಕೆ ಹೊರಟುಬಿಡುತ್ತಿದ್ದೆವು. ಏಣಿ ಹಾಕಿ, ಪೊರಕೆ ತಂದು ಗುಡಿಸಿದೆ. ಗುಡಿಸಿದ ಮೇಲೆ ಸುಮ್ಮನೆ ನಿಲ್ಲಿಸಲು ಮನಸ್ಸಾಗಲಿಲ್ಲ. ನಿನ್ನಪ್ಪ ಓರಿನ್ ಅದನ್ನು ರಸ್ತೆಗೆ ಮುಖ ಮಾಡಿಯೇ ನಿಲ್ಲಿಸಿ ಹೋಗಿದ್ದ.

ಒಂದು ವಿಷಯ ಕೇಳು, ನಗುತ್ತೀಯ. ನಾರ್ತ್ ಡಕೋಟಾದಿಂದ ಇಲ್ಲಿಯ ತನಕ ನಾನು ಒಮ್ಮೆಯೂ ರಿವರ್ಸ್ ಹಾಕಿಲ್ಲ. ಓಡಿಸುವುದು ಅವನ ಕೆಲಸ, ಹಿಂದಕ್ಕೆ ತೆಗೆಯುವಾಗ ಇಳಿದು ಹೋಗಿ ಹಿಂದೆ ನಿಂತು ಕೈಸನ್ನೆ ಮಾಡುವುದು ನನ್ನ ಕೆಲಸ. ಮನೆಗಾಡಿಯವರ ಸಂಸಾರವೆಲ್ಲ ಹೀಗೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ನಮ್ಮದು ಗಾಡಿ ನಿಲ್ಲಿಸುವ ತನಕ. ಈಗ ಹಿಂದೆ ನಿಲ್ಲಲು ಯಾರಿದ್ದಾರೆ? ಅದಕ್ಕೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವಂಥ ಜಾಗ ನೋಡಿಕೊಂಡೇ ನಿಂತೆ. ಲಾರಿಗಳ ಪೆಟ್ರೋಲ್ ಬಂಕು, ಚರ್ಚಿನ ದೊಡ್ಡ ಬಯಲು, ಇಂಥವು. ಊಟ ಚೆನ್ನಾಗಿರುವ ಹೋಟೆಲುಗಳೆಲ್ಲ ಕೈತಪ್ಪಿದವು.

ನಾವು ಪ್ರತಿ ಚಳಿಗಾಲ ತಂಗುವ ಜಾಗದಲ್ಲೇ ಇದ್ದೇನೆ, ಒಣಹಳ್ಳದ ಆಚೆ. ಐಡಾಹೊದ ಡೆಲ್ಮರ್, ಫರ್ನ್ ಗಂಡಹೆಂಡತಿ ಆಗಲೇ ಬಂದಿದ್ದರು. ಡೆಲ್ಮರ್ ಓಡಿ ಬಂದು, ಓರಿನ್ ಕೂರುವ ಬದಿಯ ಕಿಟಕಿ ತಟ್ಟಿ, "ಏನಪ್ಪಾ, ಈ ಸಲ ಒಂದ್ಸಲಕ್ಕೇ ನಿಲ್ಲಿಸ್ಬಿಟ್ಟೆ, ಜಗಳ ಕೇಳೋಣ ಅಂತ ಕಾದಿದ್ವಿ" ಅಂದ. ಕಿಟಕಿ ಇಳಿಸಿದೆ. ನನ್ನ ಮುಖ ನೋಡಿದ, ಪಕ್ಕದ ಸೀಟು ನೋಡಿದ, ಆಮೇಲೆ ಪಾಪ, ಗಾಡಿಯ ಹಿಂಭಾಗಕ್ಕೆ ಹೋಗಿ ಅಲ್ಲೂ ನೋಡಿ ಬಂದ. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ನಾನೇ ಹೇಳಬೇಕಾಯಿತು. ಒಬ್ಬೊಬ್ಬರು ಬಂದ ಹಾಗೆ ಇನ್ನೂ ಹೇಳುತ್ತಲೇ ಇದ್ದೇನೆ.

ಕ್ರಿಸ್‌ಮಸ್‌ಗೆ ನೀನು ಬರುತ್ತೀಯಾ? ಲೊವೆಲ್‌ನನ್ನೂ ಕರೆದುಕೊಂಡು ಬಾ, ಗಂಡಹೆಂಡತಿ ಇಬ್ಬರಿಗೂ ಜಾಗವಿದೆ. ಹಗಲು ಬಿಸಿಲು ಎಳೆಯದಾಗಿರುತ್ತದೆ. ಹಿಂದೆ ಎಂದೂ ಕರೆದಿರಲಿಲ್ಲ ಅನ್ನಬೇಡ, ಕರೆದಿದ್ದೆವು, ಕರೆದದ್ದು ಸಾಲದಿತ್ತೋ ಏನೋ.

ಇಂತಿ,
ಆರ್ಲಿಸ್


ನಾರ್ತ್ ಡಕೋಟಾ
27 ನವೆಂಬರ್ 1996

ಆರ್ಲಿಸ್ ಅವರಿಗೆ,

ನಿಮ್ಮ ಕಾಗದ ಬಂತು. ಕ್ಷೇಮವಾಗಿ ತಲುಪಿದ್ದು ಒಳ್ಳೆಯದಾಯಿತು.

ನೀವು ಹೊರಟ ದಿನ ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಗಾಡಿ ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು. ಒಳಗೆ ಬರುತ್ತೀರಿ ಎಂದುಕೊಂಡು ಕೈ ಒರೆಸಿಕೊಂಡು ಕಾಫಿಗೆ ನೀರಿಟ್ಟೆ. ತಿರುಗಿ ನೋಡಿದರೆ ಗಾಡಿ ಮುಂದಕ್ಕೆ ಹೋಗುತ್ತಿತ್ತು. ಹೋಗುವುದಾಗಿ ಒಂದು ಮಾತು ಹೇಳಬೇಕೆಂದು ನಿಮಗೆ ಅನ್ನಿಸಲಿಲ್ಲವಲ್ಲ. ಅಪ್ಪ ಇದ್ದಾಗಲೂ ಚಳಿಗಾಲ ಬಂತೆಂದರೆ ನೀವಿಬ್ಬರೂ ಹೀಗೇ ಹೋಗುತ್ತಿದ್ದಿರಿ, ನಮ್ಮ ಹಬ್ಬಗಳೆಲ್ಲ ಎರಡು ಖಾಲಿ ಕುರ್ಚಿ ಇಟ್ಟುಕೊಂಡೇ ಆದವು. ಆದರೆ ಅಪ್ಪ ಓಣಿಯೊಳಗೆ ಬಂದು ಹಾರ್ನ್ ಬಾರಿಸಿಯಾದರೂ ಹೋಗುತ್ತಿದ್ದ.

ಕ್ರಿಸ್‌ಮಸ್‌ಗೆ ಬರಲು ಆಗುವುದಿಲ್ಲ. ಲೊವೆಲ್‌ಗೆ ರಜೆ ಇಲ್ಲ, ರಸ್ತೆಗಳೂ ಕೆಟ್ಟಿವೆ. ಅವನ ಸಂಬಂಧಿಕರೊಬ್ಬರು ಅಂಥ ಮನೆಗಾಡಿ ಹುಡುಕುತ್ತಿದ್ದಾರೆ. ವಸಂತಕ್ಕೆ ವಾಪಸು ಬಂದಾಗ ನೀವು ಅದನ್ನು ಕೊಟ್ಟುಬಿಡುವುದು ಒಳ್ಳೆಯದು. ಅಪ್ಪನಿಲ್ಲದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ?

ಅಪ್ಪನ ಸಾಮಾನಿನಲ್ಲಿ ಒಂದು ಕಿತ್ತಳೆ ಬಣ್ಣದ ಟೋಪಿ ಇರಬೇಕು, ಬೇಟೆಗೆ ಹೋಗುವವರು ಹಾಕುವಂಥದ್ದು. ಮನೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಗಾಡಿಯಲ್ಲಿದ್ದರೆ ತೆಗೆದಿಡಿ. ನನಗೆ ಬೇಕು.

ಮಾರಿಟ್


ಕ್ವಾರ್ಟ್ಜ್‌ಸೈಟ್
9 ಡಿಸೆಂಬರ್ 1996

ಪ್ರಿಯ ಮಾರಿಟ್,

ನಿಮ್ಮ ಓಣಿಯ ಬಾಯಲ್ಲಿ ನಾನು ನಿಂತದ್ದು ನಿಜ, ಮುಂದೆ ಹೋದದ್ದೂ ನಿಜ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ನಿಮ್ಮ ಓಣಿ ಕೊಟ್ಟಿಗೆಯ ಗೋಡೆಗೆ ಹೋಗಿ ಮುಗಿಯುತ್ತದೆ. ಒಳಗೆ ಬಂದರೆ ಗಾಡಿಯನ್ನು ಹಿಂದಕ್ಕೇ ತೆಗೆಯಬೇಕು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಲೊವೆಲ್‌ನ ಬೇಲಿ. ಎಂಜಿನ್ ಆರಿಸದೆ ಅಲ್ಲೇ ಕೂತು ಯೋಚಿಸಿದೆ. ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ನಡೆದು ಬರಬಹುದಿತ್ತು, ಆ ಬುದ್ಧಿ ಬಂದದ್ದು ಸೌತ್ ಡಕೋಟಾ ದಾಟಿದ ಮೇಲೆ. ನೀನು ಕಾಫಿಗೆ ನೀರಿಟ್ಟಿದ್ದೆ ಎಂದು ಓದಿ ಕಾಗದ ಮಡಿಚಿ ಇಟ್ಟೆ. ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತೇ ಓದುತ್ತಿದ್ದೆ, ಹಿಂದಿನವನು ಮುಂದೆ ಹೋಗಿ ಎಂದು ಎರಡು ಸಲ ಹೇಳಬೇಕಾಯಿತು.

ಈಗ ಇನ್ನೊಂದು ಕಥೆ. ನೀನು ಬರುವುದಿಲ್ಲ ಎಂಬ ಕಾಗದ ಕೈಸೇರುವ ಮೊದಲೇ ನಿನ್ನ ಕಾರಿಗೆ ಜಾಗ ಮಾಡಹೊರಟಿದ್ದೆ. ಇಲ್ಲಿ ಸಂಜೆ ನಾಲ್ಕಕ್ಕೆ ಎಲ್ಲರೂ ತಂತಮ್ಮ ಕುರ್ಚಿ, ತಂತಮ್ಮ ಲೋಟ ಹೊತ್ತುಕೊಂಡು ಬಂದು ದುಂಡಗೆ ಕೂರುತ್ತೇವೆ. ಆ ಜಾಗಕ್ಕೆ ಹತ್ತಿರ ನಿನ್ನ ಕಾರು ನಿಲ್ಲಬೇಕೆಂದರೆ ನನ್ನ ಗಾಡಿ ಸ್ವಲ್ಪ ಹಿಂದೆ ಸರಿಯಬೇಕು. ಎಷ್ಟು ದಿನ ಹೀಗೆ ಮುಂದೆ ಮುಂದೆಯೇ ಹೋಗುತ್ತೀಯ ಎಂದು ಫರ್ನ್ ಹಂಗಿಸಿದಳು. ಡೆಲ್ಮರ್ ಹಿಂದೆ ನಿಂತ, ನಾನು ರಿವರ್ಸ್ ಹಾಕಿದೆ.

ಮೊದಲು ಅವನು ಕನ್ನಡಿಯಲ್ಲಿ ಕಾಣುತ್ತಿದ್ದ, ಕೈ ಬೀಸುತ್ತಿದ್ದ. ಆಮೇಲೆ ಕಾಣಲಿಲ್ಲ. ಕನ್ನಡಿಯಲ್ಲಿ ಬರೀ ಕಲ್ಲು, ಬಿಸಿಲು. ಯಾರೂ ಇಲ್ಲವೆಂದರೆ ದಾರಿ ಖಾಲಿ ಇದೆ ಎಂದುಕೊಂಡು ಹೋಗುತ್ತಲೇ ಇದ್ದೆ. ಹಿಂದೆ ಐರನ್‌ವುಡ್ ಮರವಿತ್ತು. ಹೆಸರಿಗೆ ತಕ್ಕ ಮರ, ಕಬ್ಬಿಣದ್ದೇ. ಗಾಡಿಯ ಬೆನ್ನು ತಗ್ಗಾಯಿತು, ಹಿಂದಿನ ಕಿಟಕಿ ಪುಡಿಯಾಯಿತು, ಏಣಿ ಮರಕ್ಕೇ ನೇತುಕೊಂಡಿತು. ಮರದ ಬುಡದಲ್ಲಿ ನಿಂತಿದ್ದ ಡೆಲ್ಮರ್ ಹೇಗೋ ಪಕ್ಕಕ್ಕೆ ಹಾರಿ ಕಳ್ಳಿಯ ಮೇಲೆ ಕೂತಿದ್ದ. ಫರ್ನ್ ಇಕ್ಕಳ ಹಿಡಿದು ಮುಳ್ಳು ಕೀಳುತ್ತಿದ್ದರೆ ಅವನು ನನ್ನನ್ನು ಬೈಯಲಿಲ್ಲ, "ನಾನು ಕನ್ನಡೀಲಿ ಕಾಣ್ಲಿಲ್ಲ ಅಂದ್ರೆ ನಿಲ್ಲಿಸ್ಬೇಕು ಕಣಮ್ಮ, ಅಷ್ಟೂ ಗೊತ್ತಿಲ್ವಾ" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ ಮಾರಿಟ್. ಇಷ್ಟು ವರ್ಷ ಹಿಂದೆ ನಿಂತವಳು ನಾನು. ಸನ್ನೆ ಮಾಡುವುದು ಗೊತ್ತು, ಸೀಟಿನಲ್ಲಿ ಕೂತವರಿಗೆ ಅದು ಹೇಗೆ ಕಾಣುತ್ತದೆಂದು ಗೊತ್ತಿಲ್ಲ. ನಡುದಾರಿಯಲ್ಲಿ ಗಕ್ಕನೆ ಗಾಡಿ ನಿಲ್ಲಿಸಿ ಓರಿನ್ ಕಿಟಕಿಯಿಂದ ಕಿರುಚುತ್ತಿದ್ದ, "ಕಾಣ್ತಿಲ್ಲ ನೀನು, ಎಲ್ಲಿ ಹಾಳಾಗಿ ಹೋದೆ" ಅಂತ. ಊರಿನವರ ಮುಂದೆ ಮರ್ಯಾದೆ ತೆಗೆಯುತ್ತಾನೆ ಎಂದು ಆ ರಾತ್ರಿ ನಾನು ಮಾತು ಬಿಡುತ್ತಿದ್ದೆ. ನಾನು ಗಾಡಿಯಡಿಗೆ ಸಿಕ್ಕಿದೆನೋ ಎಂದು ಅವನ ಜೀವ ಬಾಯಿಗೆ ಬರುತ್ತಿತ್ತು ಅನ್ನುವುದು ಈಗ ತಿಳಿಯಿತು. ಹೇಳೋಣವೆಂದರೆ ಯಾರಿಗೆ ಹೇಳಲಿ?

ಕಿತ್ತಳೆ ಟೋಪಿ ಇಲ್ಲೇ ಬಾಗಿಲ ಗೂಟದಲ್ಲಿದೆ. ಅದು ನಿನ್ನಪ್ಪನದಲ್ಲ, ನನ್ನದು. ಕನ್ನಡಿಯಲ್ಲಿ ಚೆನ್ನಾಗಿ ಕಾಣಲಿ ಎಂದು ನಮ್ಮ ಮದುವೆಯಾದ ವರ್ಷವೇ ಅವನು ನನಗೆ ಕೊಟ್ಟಿದ್ದ. ಬೇರೆ ಏನು ಬೇಕಾದರೂ ಕೇಳು, ಅವನ ಗಡಿಯಾರ ಕೇಳು, ಕೊಡುತ್ತೇನೆ. ಟೋಪಿಯೊಂದು ನನಗಿರಲಿ.

ಇಂತಿ ನಿನ್ನ,
ಆರ್ಲಿಸ್


ನಾರ್ತ್ ಡಕೋಟಾ
17 ಡಿಸೆಂಬರ್ 1996

ಆರ್ಲಿಸ್ ಅವರಿಗೆ,

ಟೋಪಿ ನಿಮ್ಮದಲ್ಲ, ನನ್ನದು.

ಹಿಂಭಾಗದ ಮಡಿಕೆಯನ್ನು ಬಿಚ್ಚಿ ನೋಡಿ, ಪಿನ್ನು ಚುಚ್ಚಿದ ತೂತುಗಳಿರುತ್ತವೆ. ನನ್ನ ತಲೆಗೆ ದೊಡ್ಡದಾಗುತ್ತಿತ್ತೆಂದು ಅಪ್ಪ ಮಡಿಚಿ ಪಿನ್ನು ಹಾಕುತ್ತಿದ್ದ. ಅಮ್ಮ ಸತ್ತ ವರ್ಷದ ಸುಗ್ಗಿಯಲ್ಲಿ ಕೊಡಿಸಿದ್ದು. ಗೋಧಿ ಲಾರಿಯನ್ನು ಕಣಜದ ಬಾಯಿಗೆ ಹಿಂದಕ್ಕೆ ತರುವಾಗ ಹಿಂದೆ ನಿಂತು ಕೈ ಮಾಡುತ್ತಿದ್ದವಳು ನಾನು. ಎರಡು ಸುಗ್ಗಿ ನಾನೇ ಮಾಡಿದೆ. ಅಮ್ಮನಿಲ್ಲದ ಆ ಮನೆಯಲ್ಲಿ ಅಪ್ಪನೂ ನಾನೂ ಮಾತಾಡುತ್ತಿದ್ದದ್ದು ಕಡಿಮೆ, ಆದರೆ ಲಾರಿಯ ಕನ್ನಡಿಯಲ್ಲಿ ಅವನು ನನ್ನನ್ನೇ ನೋಡುತ್ತಿರುತ್ತಿದ್ದ. ನಾನು ಕೈ ಎತ್ತಿದರೆ ಅಷ್ಟು ದೊಡ್ಡ ಲಾರಿ ನಿಲ್ಲುತ್ತಿತ್ತು.

ನೀವು ಬಂದ ಮೊದಲ ಸುಗ್ಗಿಯಲ್ಲಿ "ಮಗು ನಿಲ್ಲೋ ಜಾಗ ಅಲ್ಲ ಅದು" ಅಂದಿರಿ. ಟೋಪಿಯನ್ನು ನನ್ನ ತಲೆಯಿಂದ ತೆಗೆದದ್ದು ಅಪ್ಪನೇ, ನೀವಲ್ಲ, ಅದು ನನಗೆ ನೆನಪಿದೆ. ಒಳಗೆ ಹೋಗಿ ಆಲೂಗೆಡ್ಡೆ ಸುಲಿ ಅಂದಿರಿ. ಕಿಟಕಿಯಿಂದ ನೋಡಿದೆ, ನನ್ನ ಟೋಪಿ ಹಾಕಿಕೊಂಡು ನೀವು ಅಲ್ಲಿ ನಿಂತಿದ್ದಿರಿ. ಅಪ್ಪ ಕನ್ನಡಿಯಲ್ಲಿ ನಿಮ್ಮನ್ನು ನೋಡುತ್ತಿದ್ದ.

ಇಷ್ಟು ವಯಸ್ಸಾದ ಮೇಲೆ ಟೋಪಿಗಾಗಿ ಇಷ್ಟೆಲ್ಲ ಬರೆಯುವುದು ನಾಚಿಕೆಗೇಡು. ಲೊವೆಲ್ ಕೂಡ ಅದನ್ನೇ ಅಂದ. ನಿಮಗೆ ಗೊತ್ತಿರಲಿಲ್ಲ ಅನ್ನುವುದೂ ನನಗೆ ಗೊತ್ತು. ಆದರೂ ನನಗೆ ಹೊಟ್ಟೆ ಉರಿಯುತ್ತದೆ.

ಹಬ್ಬದ ಶುಭಾಶಯಗಳು.

ಮಾರಿಟ್


ಕ್ವಾರ್ಟ್ಜ್‌ಸೈಟ್
26 ಡಿಸೆಂಬರ್ 1996

ಪ್ರಿಯ ಮಾರಿಟ್,

ಪಿನ್ನಿನ ತೂತುಗಳಿವೆ. ಇಷ್ಟು ವರ್ಷ ಅದನ್ನು ತಲೆಗೆ ಹಾಕಿಕೊಂಡರೂ ಒಮ್ಮೆಯೂ ಒಳಗೆ ನೋಡಿರಲಿಲ್ಲ.

ನಿನ್ನೆ ಹಬ್ಬ. ಬೆಳಿಗ್ಗೆ ಎದ್ದು ಆಲೂಗೆಡ್ಡೆ ಬೇಯಿಸಿ ಲೆಫ್ಸೆ ತಟ್ಟಿದೆ. ಇಲ್ಲಿಯವರಿಗೆ ನಮ್ಮ ನಾರ್ವೆ ರೊಟ್ಟಿಯ ರುಚಿ ಹತ್ತುವುದಿಲ್ಲ, ಡೆಲ್ಮರ್ ಪ್ರತಿ ವರ್ಷ "ಒದ್ದೆ ಕಾಗದಕ್ಕೆ ಬೆಣ್ಣೆ ಸವರಿ ಕೊಡ್ತಾಳೆ" ಎಂದು ಅಣಕಿಸಿ ಮೂರು ತಿನ್ನುತ್ತಾನೆ. ತಟ್ಟೆ ಕಳಿಸಿಕೊಟ್ಟೆ, ನಾನು ಹೋಗಲಿಲ್ಲ. ತಲೆನೋವು ಎಂದು ಹೇಳಿ ಪರದೆ ಎಳೆದು ಒಳಗೆ ಕೂತೆ. ಹೊರಗೆ ಎಲ್ಲರೂ ಹಾಡುತ್ತಿದ್ದರು, ಡೆಲ್ಮರ್‌ನ ಅಪಸ್ವರ ಬೇರೆ ಕೇಳುತ್ತಿತ್ತು. ನನಗೆ ತುಂಬ ಒಂಟಿ ಅನ್ನಿಸಿತು. ಇದನ್ನು ಬೇರೆ ಹೇಗೆ ಬರೆಯಬೇಕೋ ತಿಳಿಯದು. ಹಾಡುವವರು ಕೂಗಳತೆಯಲ್ಲಿದ್ದರು, ನನಗೆ ಎದ್ದು ಹೋಗಲು ಕಾಲು ಬರಲಿಲ್ಲ.

ನಿನಗೆ ಒಂದು ವಿಷಯ ಹೇಳಬೇಕು. ನನಗೊಬ್ಬ ತಮ್ಮನಿದ್ದ, ಆರ್ವಿಡ್ ಅಂತ. ಸುಗ್ಗಿಯಲ್ಲಿ ಟೋಪಿ ಹಾಕುತ್ತಿದ್ದಾಗಿನ ನಿನ್ನಷ್ಟೇ ಇದ್ದ. ಹುಲ್ಲಿನ ಲಾರಿಯ ಹಿಂದೆ ನಿಂತು ಕೈ ಮಾಡುತ್ತಿದ್ದ. ನಮ್ಮಪ್ಪ ಸೀಟಿನಲ್ಲಿದ್ದ. ಅಷ್ಟೇ ಸಾಕು, ಉಳಿದದ್ದನ್ನು ಬರೆಯಲಾರೆ. ಅದಾದ ಮೇಲೆ ನಮ್ಮಪ್ಪ ಬದುಕಿರುವ ತನಕ ಯಾವ ಗಾಡಿಯನ್ನೂ ಹಿಂದಕ್ಕೆ ತೆಗೆಯಲಿಲ್ಲ. ಹೊಲದಲ್ಲಿ ಸುತ್ತು ಹಾಕಿಕೊಂಡು ಬರುತ್ತಿದ್ದ. ಊರವರು ನಗುತ್ತಿದ್ದರು.

ನಿಮ್ಮ ಮನೆಗೆ ಬಂದ ಮೊದಲ ವಾರ ಲಾರಿಯ ಹಿಂದೆ ನಿನ್ನನ್ನು ನೋಡಿದೆ. ಪುಟ್ಟ ಹುಡುಗಿ, ತಲೆಯ ಮೇಲೆ ಕೆಂಡದಂಥ ಟೋಪಿ. ಮಗು ನಿಲ್ಲುವ ಜಾಗ ಅಲ್ಲ ಅಂದೆ, ಕಾರಣ ಹೇಳಲಿಲ್ಲ. ಆರ್ವಿಡ್ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನನಗೂ ಅದೇ ಅಭ್ಯಾಸವಾಗಿತ್ತು. ಓರಿನ್‌ಗೂ ಹೇಳಿರಲಿಲ್ಲ. ಡೆಲ್ಮರ್ ಮರದ ಬುಡದಲ್ಲಿ ಬಿದ್ದದ್ದನ್ನು ನಿನಗೆ ನಗೆಯ ಕಥೆಯ ಹಾಗೆ ಬರೆದೆನಲ್ಲ, ಅವತ್ತು ಗಾಡಿಯಿಂದ ಇಳಿದವಳು ಅವನನ್ನು ನೋಡುವ ಮೊದಲೇ ಅಲ್ಲೇ ಕುಸಿದೆ. ಮತ್ತೆ ಆ ಗೇರಿಗೆ ಕೈ ಹಾಕಿಲ್ಲ.

ಟೋಪಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ತೊಳೆದಿಲ್ಲ, ತೊಳೆದರೆ ಬಣ್ಣ ಹೋಗುತ್ತದೆ. ನನ್ನ ಹಿಂದೆ ನಿಲ್ಲುವವರು ಇನ್ನಾರೂ ಇಲ್ಲ, ಇಲ್ಲಿ ಅದಕ್ಕೆ ಕೆಲಸವಿಲ್ಲ. ನಿನ್ನದು ನಿನಗೆ ಸೇರಲಿ.

ಇಂತಿ,
ಆರ್ಲಿಸ್


ಕ್ವಾರ್ಟ್ಜ್‌ಸೈಟ್
20 ಜನವರಿ 1997

ಪ್ರಿಯ ಮಾರಿಟ್,

ಟೋಪಿ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಪೋಸ್ಟ್ ಆಫೀಸಿನ ಹೆಂಗಸು ನನ್ನನ್ನು ದೂರದಿಂದ ಕಂಡ ಕೂಡಲೇ ತಲೆ ಅಲ್ಲಾಡಿಸುತ್ತಾಳೆ, ಸಾಲಿನಲ್ಲಿ ನಿಲ್ಲುವ ಶ್ರಮ ತಪ್ಪಲಿ ಎಂದು. ಆದರೂ ನಿಲ್ಲುತ್ತೇನೆ. ಸಾಲಿನಲ್ಲಿ ನಾಲ್ಕು ಜನ ಮಾತಾಡಿಸುತ್ತಾರೆ.

ಹೋದ ವಾರ ಮಳೆ ಬಂತು. ಮರುಭೂಮಿಯ ಮಳೆ ನಿನಗೆ ಗೊತ್ತಿಲ್ಲ, ಬಂದರೆ ಹೇಳದೆ ಕೇಳದೆ ಬರುತ್ತದೆ. ಒಣಹಳ್ಳ ಒಂದು ಹಗಲು ಹೊಳೆಯಾಗಿ ಹರಿಯಿತು. ನೀರು ಇಳಿದ ಮೇಲೆ ನೋಡಿದರೆ ನನ್ನ ಗಾಡಿಯ ಮುಂದಿನ ದಾರಿಯೇ ಇಲ್ಲ, ದಂಡೆಯನ್ನು ಕೊರೆದುಕೊಂಡು ಹೋಗಿದೆ. ಎಡಬಲಕ್ಕೆ ಬಂಡೆ. ಹೊರಗೆ ಬರಬೇಕಾದರೆ ಹಿಂದಕ್ಕೇ ಬರಬೇಕು, ಅದೇ ಐರನ್‌ವುಡ್ ಮರದ ಪಕ್ಕದಲ್ಲಿ ಹಾದು.

ಫರ್ನ್‌ಗೆ ಎದೆನೋವು ಕಾಣಿಸಿಕೊಂಡಿತು. ಡೆಲ್ಮರ್ ಅವಳನ್ನು ಮಗಳ ಮನೆಗೆ ಕರೆದುಕೊಂಡು ಹೊರಟ. ಹೊರಡುವ ಮೊದಲು ಬಂದು, ಕೀಲಿ ಕೊಡು, ಎರಡು ನಿಮಿಷದಲ್ಲಿ ಹೊರಗೆ ತೆಗೆದುಕೊಡುತ್ತೇನೆ ಎಂದ. ನಾನು ಕೊಡಲಿಲ್ಲ. ಒಮ್ಮೆ ಸ್ಟಿಯರಿಂಗ್ ಬೇರೆಯವರ ಕೈಗೆ ಕೊಟ್ಟರೆ ಆಮೇಲೆ ನಾನು ಅಲ್ಲಿ ಕೂರುವುದೇ ಇಲ್ಲ ಅನ್ನಿಸಿತು. ನೆಗಡಿಯಾದರೆ ಮೂಗು ಕೊಯ್ದುಕೊಂಡ ಹಾಗಾಯಿತು ನನ್ನ ಹಟ. ಅವರ ಗಾಡಿ ಎಬ್ಬಿಸಿದ ಧೂಳು ಕೂರುವ ಮೊದಲೇ, ಕೊಡಬೇಕಿತ್ತು ಅನ್ನಿಸಿತು. ಉಳಿದವರು ಮಳೆಗೆ ಹೆದರಿ ರಸ್ತೆಯ ಆಚೆ ಬಯಲಿಗೆ ಹೋಗಿದ್ದಾರೆ. ಇಲ್ಲಿ ಈಗ ನಾನೊಬ್ಬಳೇ. ನೀರು, ದಿನಸಿ ತರಲು ರಸ್ತೆಯ ತನಕ ನಡೆದು ಹೋಗಿ ಯಾರದಾದರೂ ಕಾರು ಹತ್ತುತ್ತೇನೆ. ಸಂಜೆ ನಾಲ್ಕಕ್ಕೆ ಅಭ್ಯಾಸಬಲದಿಂದ ಕುರ್ಚಿ ಹೊರಗೆ ಹಾಕುತ್ತೇನೆ. ಸ್ವಲ್ಪ ಹೊತ್ತು ಕೂತು, ಮಡಿಚಿ ಒಳಗೆ ತರುತ್ತೇನೆ.

ಲೊವೆಲ್‌ನ ಸಂಬಂಧಿಕರಿಗೆ ಹೇಳು, ಗಾಡಿ ಕೊಡುತ್ತೇನೆ. ಆದರೆ ಅವರೇ ಇಲ್ಲಿಗೆ ಬಂದು ಹೊರಗೆ ತೆಗೆದುಕೊಂಡು ಹೋಗಬೇಕು, ನನ್ನಿಂದ ಆಗುವುದಿಲ್ಲ. ನಾನು ಬಸ್ಸಿನಲ್ಲಿ ಬರುತ್ತೇನೆ. ನೀನು ಹೇಳಿದ್ದು ಸರಿ, ಅವನಿಲ್ಲದ ಮೇಲೆ ಇದನ್ನಿಟ್ಟುಕೊಂಡು ಏನು ಮಾಡಲಿ.

ನಾವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಅನ್ನುವುದು ಇನ್ನು ನಿನಗೆ ಬಿಟ್ಟದ್ದು. ನಡುವೆ ನಿಂತಿದ್ದವನು ಹೋದ. ನಿನಗೆ ಕಾಗದ ಬರೆಯುವುದು ಹೊರೆಯಾಗಿದ್ದರೆ ಹೇಳು, ನಿಲ್ಲಿಸುತ್ತೇನೆ.

ಆರ್ಲಿಸ್


ನಾರ್ತ್ ಡಕೋಟಾ
29 ಜನವರಿ 1997

ಆರ್ಲಿಸ್,

ಟೋಪಿ ಬಂದಿದೆ. ಈಗ ಪಿನ್ನು ಬೇಕಾಗಿಲ್ಲ.

ಬರೆಯಲು ಕೂತಾಗಲೆಲ್ಲ ಆರ್ವಿಡ್ ವಿಷಯಕ್ಕೆ ಬಂದು ಪೆನ್ನು ನಿಂತುಬಿಡುತ್ತಿತ್ತು. ಅದಕ್ಕೆ ತಡವಾಯಿತು.

ಗಾಡಿ ಮಾರಬೇಡಿ. ಕೀಲಿ ಯಾರ ಕೈಗೂ ಕೊಡಬೇಡಿ. ಫೆಬ್ರವರಿ ಹನ್ನೊಂದನೇ ತಾರೀಖಿನ ಬಸ್ಸಿನಲ್ಲಿ ಬರುತ್ತಿದ್ದೇನೆ. ನಾನೊಬ್ಬಳೇ.

ಮಾರಿಟ್


ಕ್ವಾರ್ಟ್ಜ್‌ಸೈಟ್
23 ಫೆಬ್ರವರಿ 1997

ಪ್ರಿಯ ಮಾರಿಟ್,

ನೀನು ಮನೆ ಸೇರಿರಬೇಕು. ಇಲ್ಲಿ ನಡೆದದ್ದೆಲ್ಲ ನಿನಗೆ ಗೊತ್ತು, ನೀನೇ ಇದ್ದೆಯಲ್ಲ. ಆದರೆ ನೀನು ನೋಡಿದ್ದು ಹಿಂದಿನಿಂದ. ಸೀಟಿನಿಂದ ಹೇಗಿತ್ತೆಂದು ಬರೆಯಬೇಕು ಅನ್ನಿಸಿತು. ಮುಖಾಮುಖಿ ಹೇಳಲು ಹೋದರೆ ನಾವಿಬ್ಬರೂ ಚಹಾ ಮಾಡಲು ಎದ್ದುಬಿಡುತ್ತಿದ್ದೆವು.

ಬಸ್ಸಿಳಿದಾಗ ನಿನ್ನ ಗುರುತೇ ಹತ್ತಲಿಲ್ಲ, ಹಿಮದ ಕೋಟು ತೊಟ್ಟುಕೊಂಡು ಬಿಸಿಲಲ್ಲಿ ಬೆವರುತ್ತ ನಿಂತಿದ್ದೆ. ಟೋಪಿ ಚೀಲದಲ್ಲಿತ್ತು. ಮೊದಲ ದಿನ ನಾವು ಆಡಿದ್ದೆಲ್ಲ ಬಸ್ಸಿನ ವಿಷಯ, ಲೊವೆಲ್‌ನ ಮಂಡಿನೋವಿನ ವಿಷಯ. ಮರುದಿನ ನೀನು ಗಾಡಿಗೆ ಒಂದು ಸುತ್ತು ಬಂದು, ತಗ್ಗಾದ ಬೆನ್ನನ್ನೂ ಕಿಟಕಿಗೆ ಅಂಟಿಸಿದ ರಟ್ಟನ್ನೂ ನೋಡಿ, "ಮರಕ್ಕೇನೂ ಆಗ್ಲಿಲ್ವಾ?" ಎಂದು ಕೇಳಿದೆ. ಥೇಟ್ ಓರಿನ್. ಒಂದು ರೆಂಬೆ ಹೋಯಿತು ಅಂದೆ. ನೀನು ನಗಲಿಲ್ಲ, ಆದರೆ ಬಾಯಿಯ ಒಂದು ಕೊನೆ ಅವನದರ ಹಾಗೆಯೇ ಏರಿತು. ಇಷ್ಟು ವರ್ಷ ನಾನು ಅದನ್ನು ಗಮನಿಸಿರಲಿಲ್ಲ.

ನನಗೆ ಆಗುವುದಿಲ್ಲ, ನೀನೇ ಓಡಿಸು, ನಾನು ಹಿಂದೆ ನಿಲ್ಲುತ್ತೇನೆ ಅಂದೆ. ನೀನು ಕೇಳಲಿಲ್ಲ. ಸೀಟಿನ ಪಕ್ಕ ಬಂದು ನಿಂತು ಕನ್ನಡಿ ತಿರುಗಿಸಿ ಸರಿಮಾಡಿದೆ.

"ನಾನು ಕಾಣ್ಲಿಲ್ಲ ಅಂದ್ರೆ ನಿಲ್ಲಿಸ್ಬೇಕು. ಬೇರೇನೂ ಇಲ್ಲ."

"ಸನ್ನೆ ತಪ್ಪಿ ಹೋದ್ರೆ?"

"ತಪ್ಪಲಿ. ನಿಲ್ಲಿಸಿದ್ರೆ ಆಯ್ತಲ್ಲ. ಅಪ್ಪ ದಿನಾ ಲಾರಿ ಹತ್ತೋ ಮೊದ್ಲು ನಂಗೆ ಹೇಳ್ತಿದ್ದ. ನೀನು ಕಣ್ಣಿಗೆ ಬೀಳದೆ ನಾನು ಒಂದಡಿ ಕೂಡ ಹಿಂದೆ ಬರಲ್ಲ ಮರಿ, ಹೆದರ್ಬೇಡ ಅಂತ."

ಅಷ್ಟು ಹೇಳಿ ನೀನು ಟೋಪಿ ಹಾಕಿಕೊಂಡು ಹಿಂದಕ್ಕೆ ಹೋದೆ. ನಾನು ಕೀಲಿ ಹಿಡಿದು ಕೂತೇ ಇದ್ದೆ. ಯಾವ ಅಪಾಯದಿಂದ ನಿನ್ನನ್ನು ಪಾರುಮಾಡಿದೆನೆಂದುಕೊಂಡಿದ್ದೆನೋ, ಆ ಲಾರಿಯ ಹಿಂದೆ ಆ ಅಪಾಯ ಇರಲೇ ಇಲ್ಲ. ಓರಿನ್ ನಮ್ಮಪ್ಪನಲ್ಲ ಎಂಬುದು ನನಗೆ ಆಗ ತಿಳಿಯಬೇಕಿತ್ತು. ಸಂಕಟವಾಯಿತು, ಆದರೆ ಎಷ್ಟೋ ವರ್ಷದಿಂದ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೂ ಆಯಿತು. ಹೊರಗಿನಿಂದ ನೀನು ಗಾಡಿಯ ಬೆನ್ನು ತಟ್ಟಿದೆ, ಇನ್ನೂ ಹೊರಟಿಲ್ಲವೇ ಎಂಬಂತೆ.

ರಿವರ್ಸ್ ಹಾಕಿದೆ. ಕನ್ನಡಿಯಲ್ಲಿ ನೀನು ಕಡಲೆಕಾಳಿನಷ್ಟು, ಮೇಲೊಂದು ಕಿತ್ತಳೆ ಚುಕ್ಕೆ. ನಿನ್ನ ಕೈಗಳು ಬಾ ಬಾ ಎಂದು ಕರೆಯುತ್ತಿದ್ದವು, ಅವಸರವೇ ಇರಲಿಲ್ಲ ಅವಕ್ಕೆ. ಹಿಂದೆ ನಿಂತಾಗ ನನ್ನ ಕೈಗಳು ಗಾಳಿಗೆ ಸಿಕ್ಕಿದ ಬಟ್ಟೆಯ ಹಾಗೆ ಹಾರಾಡುತ್ತಿದ್ದವು, ಓರಿನ್ ಹೇಗೆ ಸಹಿಸಿದನೋ. ಗಾಡಿ ಮರದ ಹತ್ತಿರ ಬಂತು. ನೀನು ಬುಡ ನೋಡಲು ಅತ್ತ ಸರಿದೆ. ಕನ್ನಡಿಯಲ್ಲಿ ಕಲ್ಲು, ಬಿಸಿಲು.

ನನ್ನ ಕಾಲು ಬ್ರೇಕಿನ ಮೇಲೆ ತಾನಾಗಿಯೇ ಬಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದೆ, "ಕಾಣ್ತಿಲ್ಲ ನೀನು, ಎಲ್ಲಿ ಹಾಳಾಗಿ ಹೋದೆ" ಅಂತ. ಅವನದೇ ಮಾತು, ಅವನದೇ ಗಂಟಲು. ರಸ್ತೆಯ ಆಚೆಯವರೂ ತಿರುಗಿ ನೋಡಿರಬೇಕು.

ಟೋಪಿ ಮತ್ತೆ ಕನ್ನಡಿಯೊಳಗೆ ಬಂತು. ನೀನು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, "ಇಲ್ಲೇ ಇದೀನಿ, ಬಾ" ಅಂದೆ.

ಬಂದೆ. ಮರ ಕಿಟಕಿಯ ಪಕ್ಕದಲ್ಲೇ ಹಾದು ಹೋಯಿತು. ಗಟ್ಟಿ ನೆಲಕ್ಕೆ ಬಂದ ಮೇಲೂ ನೀನು ಕರೆಯುತ್ತಲೇ ಇದ್ದೆ, ನಾನು ಬರುತ್ತಲೇ ಇದ್ದೆ. ಅಷ್ಟು ಹಿಂದೆ ಬರುವ ಅಗತ್ಯವಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ಆಮೇಲಿನ ನಾಲ್ಕು ದಿನ ನೀನು ಡೆಲ್ಮರ್‌ನ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಿಸಿಲಿಗೆ ಮೂಗು ಸುಟ್ಟುಕೊಂಡೆ. ನೀನು ಹೋದ ಮೇಲೆ ಇಲ್ಲಿ ಮತ್ತೆ ಮೊದಲಿನ ಹಾಗೇ, ಸುಳ್ಳು ಯಾಕೆ ಹೇಳಲಿ. ಬಯಲಿನವರ ಹತ್ತಿರ ಗಾಡಿ ನಿಲ್ಲಿಸಿದ್ದೇನೆ, ಜನ ಒಳ್ಳೆಯವರು, ಆದರೂ ಸಂಜೆಗೆ ಎದೆ ಭಾರವಾಗುತ್ತದೆ. ಅಭ್ಯಾಸ ತಪ್ಪಬಾರದೆಂದು ಪ್ರತಿದಿನ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡುತ್ತೇನೆ. ಪಕ್ಕದ ಗಾಡಿಯ ವಿಧವೆಯೊಬ್ಬಳು ಹಿಂದೆ ನಿಲ್ಲುತ್ತಾಳೆ, ಅವಳಿಗೆ ನಾನು ನಿಲ್ಲುತ್ತೇನೆ.

ಟೋಪಿ ಬಿಟ್ಟು ಹೋಗುತ್ತೇನೆ ಎಂದು ನೀನು ಗೂಟಕ್ಕೆ ಹಾಕಿದ್ದೆ. ನೀನು ಮುಖ ತೊಳೆಯುವಾಗ ನಾನು ಅದನ್ನು ನಿನ್ನ ಚೀಲದ ತಳಕ್ಕೆ ಸೇರಿಸಿದೆ, ಈಗಾಗಲೇ ಸಿಕ್ಕಿರುತ್ತದೆ. ಅದು ಅಲ್ಲೇ ಇರಲಿ. ಇಲ್ಲಿ ಬಿಸಿಲು ಬಲಿತ ಕೂಡಲೇ ಹೊರಡುತ್ತೇನೆ. ನಿಮ್ಮ ಕಡೆ ಹಿಮ ಕರಗಿ ಓಣಿಯ ಕೆಸರು ಆರಿರುವ ಹೊತ್ತಿಗೆ ಬಂದಿರುತ್ತೇನೆ. ಈ ಸಲ ಓಣಿಯ ಬಾಯಲ್ಲಿ ನಿಂತು ಮುಂದೆ ಹೋಗುವುದಿಲ್ಲ, ಕೊಟ್ಟಿಗೆಯ ಗೋಡೆಯ ತನಕ ಹಿಂದಕ್ಕೇ ಬರುತ್ತೇನೆ. ಒಂದು ಕಡೆ ಚರಂಡಿ, ಒಂದು ಕಡೆ ಬೇಲಿ. ಹಾರ್ನ್ ಬಾರಿಸುತ್ತೇನೆ. ಕಾಫಿಗೆ ನೀರಿಟ್ಟು, ಟೋಪಿ ಹಾಕಿಕೊಂಡು ಹೊರಗೆ ಬಾ.

ಕಾಣುವ ಹಾಗೆ ನಿಲ್ಲು.

ನಿನ್ನ,
ಆರ್ಲಿಸ್